ಹಳೇ ಡಿಜಿಟಲ್ ಮಿಕ್ಸರ್ ಕೊಳ್ಳುವವರಿಗೆ ಎಚ್ಚರಿಕೆ: ಮೊದಲೇ ಆನ್ ಮಾಡಿಟ್ಟದ್ದನ್ನು ನೋಡಿ ಒಪ್ಪಬೇಡಿ

ಮೈಕುಗಳ, ವಾದ್ಯಗಳ ದನಿಯನ್ನು ಬೆರೆಸಿ ಸ್ಪೀಕರ್‌ಗಳಿಗೆ ಕಳುಹಿಸುವ ಒಂದು ಹಳೇ ಡಿಜಿಟಲ್ ಮಿಕ್ಸರ್, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು, ಕಾರ್ಯಕ್ರಮದ ನಡುವೆ ಕೈಕೊಟ್ಟಿತು. ಕಂಪನಿ, ಮಾಡೆಲ್ ಹೆಸರು ಇಲ್ಲಿ ಬೇಡ. ಆ ವಯಸ್ಸಿನ ಯಾವ ಮಿಕ್ಸರ್‌ಗೂ ಇದೇ ಗತಿ ಬರಬಹುದು. ಏನಾಯಿತು, ಯಾಕಾಯಿತು, ಕೊಳ್ಳುವ ದಿನವೇ ಅದನ್ನು ಹೇಗೆ ಕಂಡುಹಿಡಿಯಬಹುದಿತ್ತು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ. ಇದರಲ್ಲಿ ಒಂದೂ ಅಪರೂಪದ ದೋಷವಲ್ಲ.

ವೇದಿಕೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡಾಗ ವೋಲ್ಟೇಜ್ ಒಂದು ಕ್ಷಣ ಕುಸಿಯಿತು. ಪವರ್ ಆಂಪ್‌ಗಳಿಗೆ, ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ. ಮಿಕ್ಸರ್ ಮಾತ್ರ ಆಫ್ ಆಗಿ ಮತ್ತೆ ಆನ್ ಆಯಿತು. ಸ್ಪೀಕರ್‌ಗಳಲ್ಲಿ ಧಡ್ ಎಂಬ ಸದ್ದು, ಆಮೇಲೆ ಬೂಟ್ ಆಗುವವರೆಗೆ ಸೊಲ್ಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಒಂದಿಷ್ಟು ಮುಜುಗರದಲ್ಲಿ ಮುಗಿಯುತ್ತಿತ್ತು. ಆದರೆ ಮಿಕ್ಸರ್ ಮೇಲೆದ್ದಾಗ ಸೀನ್ ಮೆಮೊರಿ, ಅಂದರೆ ಉಳಿಸಿಟ್ಟ ಸೆಟ್ಟಿಂಗ್‌ಗಳ ನೆನಪು, ಖಾಲಿಯಾಗಿತ್ತು. ದನಿ ಏರಿಳಿಸುವ ಫೇಡರ್‌ಗಳೆಲ್ಲ ಕೆಳಗೆ, ದನಿಯ ಬಣ್ಣ ತಿದ್ದುವ ಈಕ್ಯೂ ಸಪಾಟು, ವೇದಿಕೆಯ ಮೇಲಿನವರಿಗೆ ದನಿ ಕಳುಹಿಸುವ ಮಾನಿಟರ್ ಸೆಂಡ್‌ಗಳು ಸೊನ್ನೆ, ಯಾವ ದನಿ ಎಲ್ಲಿಗೆ ಎಂಬ ರೂಟಿಂಗ್ ಕಾರ್ಖಾನೆಯಿಂದ ಬಂದ ಹಾಗೆ. ಆಪ್ಟಿಕಲ್ ಕೇಬಲ್‌ನಲ್ಲಿ ಜೋಡಿಸಿದ್ದ ಎಂಟು ಚಾನೆಲ್‌ನ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸುವ) ಪೆಟ್ಟಿಗೆಯಿಂದ ಬರುವ ಪ್ರತಿ ಮೈಕಿನಲ್ಲೂ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದ್ದ ರೆಕಾರ್ಡಿಂಗ್ ನಿಂತುಹೋಯಿತು. ಕಂಪ್ಯೂಟರ್ ರೀಸ್ಟಾರ್ಟ್ ಮಾಡುವವರೆಗೂ ಅದು ಮಿಕ್ಸರನ್ನು ಗುರುತಿಸಲಿಲ್ಲ.

ನೋಡಲು ನಾಲ್ಕು ಬೇರೆ ಬೇರೆ ತೊಂದರೆ. ಮೂಲದಲ್ಲಿ ಎರಡೇ: ಬಳಲಿದ ಪವರ್ ಸಪ್ಲೈ, ಮತ್ತು ಮಿಕ್ಸರ್‌ನ ನೆನಪು ಕಾಯುವ ಪುಟ್ಟ ಬ್ಯಾಟರಿ, ಅಂದರೆ ಸತ್ತ ಬಟನ್ ಸೆಲ್. ಎರಡೂ ಕೊಳ್ಳುವ ದಿನವೇ ಇದ್ದವು. ಕಾಣಲಿಲ್ಲ, ಏಕೆಂದರೆ ನೋಡಲು ಹೋದಾಗ ಮಿಕ್ಸರ್ ಆಗಲೇ ಆನ್ ಆಗಿತ್ತು. ಬೆಚ್ಚಗಿರುವ ಪವರ್ ಸಪ್ಲೈ ತನ್ನ ದೌರ್ಬಲ್ಯವನ್ನು ಮುಚ್ಚಿಡುತ್ತದೆ. ಬ್ಯಾಟರಿ ಕಡಿಮೆಯಾಗಿದೆ ಎಂಬ ಸೂಚನೆಯನ್ನು ಎಷ್ಟೋ ಮಿಕ್ಸರ್‌ಗಳು ಬೂಟ್ ಆಗುವಾಗ ಮಾತ್ರ ತೋರಿಸುತ್ತವೆ. ಮಾರುವವರು ಮೋಸ ಮಾಡಿದರು ಎಂದು ಹೇಳುತ್ತಿಲ್ಲ. ಬರುವವರಿಗೆ ತೋರಿಸೋಣವೆಂದು ಎಲ್ಲರೂ ಮೊದಲೇ ಆನ್ ಮಾಡಿಡುತ್ತಾರೆ. ಆದ್ದರಿಂದ ಫೋನಿನಲ್ಲೇ ಹೇಳಿಬಿಡಿ: ಹಿಂದಿನ ರಾತ್ರಿಯಿಂದ ಪ್ಲಗ್ ತೆಗೆದಿಡಿ, ನಾವು ಬಂದ ಮೇಲೆ ಆನ್ ಮಾಡಿ. ಅದಕ್ಕೆ ಒಪ್ಪದಿದ್ದರೆ ಹೋಗಲೇಬೇಡಿ.

ಪವರ್ ಸಪ್ಲೈ ಯಾಕೆ ಬಳಲುತ್ತದೆ ಎಂದು ತಿಳಿದರೆ ಉಳಿದದ್ದು ಸುಲಭ. ಈ ಮಿಕ್ಸರ್‌ಗಳಲ್ಲಿರುವುದು ಸ್ವಿಚಿಂಗ್ ಸಪ್ಲೈ, ಅದರಲ್ಲಿರುವುದು ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಒಳಗಿನ ದ್ರವ ವರ್ಷಗಳು ಕಳೆದಂತೆ ಆರುತ್ತದೆ. 105 ಡಿಗ್ರಿಯಲ್ಲಿ 2000 ಗಂಟೆ ಎಂದು ಬರೆದಿರುವ ಕೆಪಾಸಿಟರ್, ಶಾಖ ಪ್ರತಿ 10 ಡಿಗ್ರಿ ಇಳಿದಾಗ ಸುಮಾರು ಎರಡರಷ್ಟು ಬಾಳುತ್ತದೆ. 65 ಡಿಗ್ರಿಯಲ್ಲಿ ಅದು 32,000 ಗಂಟೆ. ದಿನಕ್ಕೆ 8 ಗಂಟೆ ಓಡುವ ಮಿಕ್ಸರ್‌ನಲ್ಲಿ ಹೆಚ್ಚು ಕಡಿಮೆ 11 ವರ್ಷ. ಫ್ಯಾನಿಗೆ ದೂಳು ಕಟ್ಟಿಕೊಂಡಿದ್ದರೆ ಅಷ್ಟೂ ಇಲ್ಲ. ಮೇನ್ಸ್ ಕಡೆಯ ದೊಡ್ಡ ಕೆಪಾಸಿಟರ್‌ನ ಶಕ್ತಿ ಕುಂದಿದಾಗ ಕ್ಷಣಕಾಲದ ವೋಲ್ಟೇಜ್ ಕುಸಿತವನ್ನೂ ಅದು ದಾಟಿಸಲಾರದು. ಮೇಲಿನ ಘಟನೆ ಆದದ್ದು ಹಾಗೆ. ಔಟ್‌ಪುಟ್ ಕಡೆಯ ಸಣ್ಣ ಕೆಪಾಸಿಟರ್‌ಗಳ ಒಳರೋಧ, ಅಂದರೆ ಇಎಸ್‌ಆರ್, ಏರಿದಾಗ 5 ವೋಲ್ಟ್, 3.3 ವೋಲ್ಟ್ ಲೈನ್‌ಗಳಲ್ಲಿ ರಿಪಲ್, ಅಂದರೆ ವೋಲ್ಟೇಜಿನ ಏರಿಳಿತ, ಹೆಚ್ಚುತ್ತದೆ. ತಣ್ಣಗಿದ್ದಾಗ ಈ ರೋಧ ಇನ್ನೂ ಜಾಸ್ತಿ. ಹಾಗಾಗಿ ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ದೀಪ ಮಿನುಗುತ್ತದೆ, ಡಿಸ್‌ಪ್ಲೇ ಲೋಗೋದಲ್ಲೇ ನಿಲ್ಲುತ್ತದೆ. ಎರಡನೆಯದೋ ಮೂರನೆಯದೋ ಸಲಕ್ಕೆ ಸರಿಯಾಗಿ ಏಳುತ್ತದೆ. "ಒಂದೊಂದು ಸಲ ಎರಡು ಬಾರಿ ಆನ್ ಮಾಡಬೇಕಾಗುತ್ತೆ ಅಷ್ಟೇ" ಎಂಬ ಮಾತು ಕೇಳಿದರೆ ಕೆಪಾಸಿಟರ್ ಬದಲಿಸುವ ಖರ್ಚನ್ನು ಅಲ್ಲೇ ಬೆಲೆಯಿಂದ ಕಳೆಯಿರಿ.

ಕೆಪಾಸಿಟರ್ ಬದಲಿಸುವುದು ಕಷ್ಟದ ಕೆಲಸವಲ್ಲ, ಅಪಾಯದ ಕೆಲಸ. 230 ವೋಲ್ಟ್ ಮೇನ್ಸ್‌ನಲ್ಲಿ ಆ ದೊಡ್ಡ ಕೆಪಾಸಿಟರ್ 320 ವೋಲ್ಟ್‌ಗೂ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಪ್ಲಗ್ ತೆಗೆದ ಮೇಲೂ. ರೆಸಿಸ್ಟರ್ ಮೂಲಕ ಇಳಿಸಿ, ಮಲ್ಟಿಮೀಟರ್‌ನಲ್ಲಿ ಸೊನ್ನೆಗೆ ಬಂದದ್ದನ್ನು ನೋಡಿದ ಮೇಲೆಯೇ ಕೈ ಹಾಕಬೇಕು. ಸಪ್ಲೈ ರಿಪೇರಿ ಅಭ್ಯಾಸವಿಲ್ಲದವರು ಬಲ್ಲವರಿಗೆ ಕೊಡಿ. ಕೊಡುವಾಗಲೂ ಷರತ್ತು ಹೇಳಿ: ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ವೋಲ್ಟೇಜ್, 105 ಡಿಗ್ರಿ, ಕಡಿಮೆ ಇಎಸ್‌ಆರ್ ಇರುವ ಜಾತಿ. ಅಂಗಡಿಯಲ್ಲಿ ಸಿಕ್ಕ ಸಾಮಾನ್ಯ ಕೆಪಾಸಿಟರ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದೇ ರೋಗ ಮರಳುತ್ತದೆ. ಉಬ್ಬಿದ್ದನ್ನು ಮಾತ್ರ ಕಿತ್ತು ಹಾಕುವುದೂ ತಪ್ಪು. ಉಬ್ಬದೆಯೂ ಸಾಯುತ್ತವೆ, ಒಂದೇ ಶಾಖದಲ್ಲಿ ಬೆಂದವುಗಳನ್ನು ಒಟ್ಟಿಗೇ ತೆಗೆಯಬೇಕು. ಆಮೇಲೆ ಮಿಕ್ಸರ್ ಲೋಡ್‌ನಲ್ಲಿರುವಾಗ 5 ವೋಲ್ಟ್ ಲೈನ್ 4.75ರಿಂದ 5.25ರೊಳಗೆ ನಿಂತಿದೆಯೇ ನೋಡಿ. ಮಲ್ಟಿಮೀಟರ್ ತೋರಿಸುವುದು ಸರಾಸರಿ ಮಾತ್ರ. ರಿಪಲ್ ಕಾಣಬೇಕಾದರೆ ಆಸಿಲೋಸ್ಕೋಪ್ ಬೇಕು.

ಇನ್ನು ಯುಪಿಎಸ್. ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಹೊರಳಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬಳಲಿದ ಸಪ್ಲೈ ಆ ಅಂತರದಲ್ಲೇ ಬಿದ್ದುಹೋಗಬಹುದು. ಸದಾ ಇನ್ವರ್ಟರ್‌ನಿಂದಲೇ ಕರೆಂಟು ಕೊಡುವ ಆನ್‌ಲೈನ್ ಯುಪಿಎಸ್‌ನಲ್ಲಿ ಆ ಅಂತರವೇ ಇಲ್ಲ. ಆದರೂ ಯುಪಿಎಸ್ ಇದೆಯೆಂದು ಸಪ್ಲೈ ರಿಪೇರಿ ಮುಂದೂಡಬೇಡಿ.

ಬಟನ್ ಸೆಲ್‌ನ ವಿಷಯ ಚಿಕ್ಕದು, ಹಾನಿ ದೊಡ್ಡದು. ಹಳೇ ಮಿಕ್ಸರ್‌ಗಳಲ್ಲಿ ಸೀನ್‌ಗಳು, ಕಡೆಯ ಸೆಟ್ಟಿಂಗ್ ಎಲ್ಲ 3 ವೋಲ್ಟ್ ಲಿಥಿಯಂ ಸೆಲ್ ಜೀವ ಕೊಡುವ ಮೆಮೊರಿಯಲ್ಲಿರುತ್ತವೆ. ಸೆಲ್ ಹೋಲ್ಡರ್‌ನಲ್ಲಿದ್ದರೆ ಸುಲಭ. ಎಷ್ಟೋ ಬೋರ್ಡ್‌ಗಳಲ್ಲಿ ಅದನ್ನು ಬೆಸುಗೆ ಹಾಕಿರುತ್ತಾರೆ. ಸೆಲ್ಲಿಗೆ ನೇರವಾಗಿ ಸೋಲ್ಡರಿಂಗ್ ಐರನ್ ತಾಗಿಸಬೇಡಿ. ಕಾಲು ಇರುವ ಸೆಲ್ ತನ್ನಿ, ಇಲ್ಲವೇ ಹೋಲ್ಡರ್ ಬೆಸೆಯಿರಿ. ಹಳೆಯದನ್ನು ತೆಗೆದ ಕ್ಷಣ ನೆನಪು ಹೋಗುತ್ತದೆ, ಹಾಗಾಗಿ ಬ್ಯಾಕಪ್ ಮೊದಲು.

ಆ ಬ್ಯಾಕಪ್‌ನಲ್ಲೇ ಬಹಳ ಜನ ಎಡವುತ್ತಾರೆ. ಮೆಮೊರಿ ಕಾರ್ಡ್ ಇಲ್ಲದ ಮಿಕ್ಸರ್‌ಗಳಲ್ಲಿ ಎಲ್ಲವನ್ನೂ ಮಿಡಿ (ಸಂಗೀತದ ಉಪಕರಣಗಳ ನಡುವೆ ಸಂದೇಶ ಸಾಗಿಸುವ) ಕೇಬಲ್‌ನಲ್ಲಿ ಬಲ್ಕ್ ಡಂಪ್ ಆಗಿ, ಅಂದರೆ ಒಟ್ಟಿಗೇ, ಕಂಪ್ಯೂಟರಿಗೆ ಕಳುಹಿಸಬೇಕು. ಅಗ್ಗದ ಯುಎಸ್‌ಬಿ-ಮಿಡಿ ಕೇಬಲ್‌ಗಳು ಸ್ವರದ ಸಂದೇಶಗಳನ್ನು ಸರಿಯಾಗಿ ದಾಟಿಸುತ್ತವೆ, ಡಂಪ್ ಸಾಗುವ ಉದ್ದದ ಸಿಸೆಕ್ಸ್ ಸಂದೇಶಗಳನ್ನು ಎಷ್ಟೋ ಸಲ ನಡುವೆ ಕತ್ತರಿಸಿಬಿಡುತ್ತವೆ. ಫೈಲ್ ಸೇವ್ ಆದಂತೆ ಕಾಣುತ್ತದೆ, ವಾಪಸ್ ಹಾಕಿದಾಗ ಅರ್ಧ ಸೀನ್ ಇರುವುದಿಲ್ಲ. ಡಂಪನ್ನು ಎರಡು ಸಲ ತೆಗೆದು ಎರಡೂ ಫೈಲ್ ಬೈಟ್ ಬೈಟಿಗೂ ಒಂದೇ ಇವೆಯೇ ಹೋಲಿಸಿ. ಆಮೇಲೆ ಮುಖ್ಯವಲ್ಲದ ಒಂದು ಸೀನ್ ಅಳಿಸಿ, ಫೈಲಿನಿಂದ ಮರಳಿ ತರಿಸಿ ನೋಡಿ. ಅದು ಬಂದ ಮೇಲೆ ಸೆಲ್ ತೆಗೆಯಿರಿ. ಜೊತೆಗೆ ಮುಖ್ಯ ರೂಟಿಂಗ್ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಟಿಕ್ ಟಿಕ್ ಸದ್ದಿನ ಕಾರಣ ಕ್ಲಾಕ್, ಅಂದರೆ ದನಿಯನ್ನು ಸ್ಯಾಂಪಲ್ ಎಂಬ ತುಣುಕುಗಳಾಗಿ ಅಳೆಯುವ ತಾಳ. ಮಿಕ್ಸರ್ ಹೊರಗಿನ ಪ್ರೀಆಂಪ್‌ನ ಕ್ಲಾಕ್ ಅನುಸರಿಸುವಂತೆ ಹೊಂದಿಸಲಾಗಿತ್ತು. ನೆನಪು ಹೋದಾಗ ಅದು ತನ್ನದೇ ಒಳ ಕ್ಲಾಕಿಗೆ ಮರಳಿತು. ಎರಡೂ ಸೆಕೆಂಡಿಗೆ 48,000 ಸ್ಯಾಂಪಲ್ ಎಂದೇ ತೋರಿಸುತ್ತವೆ, ಆದರೆ ಆ ತಾಳ ಹಿಡಿಯುವ ಎರಡು ಕ್ರಿಸ್ಟಲ್‌ಗಳ ನಡುವೆ ಹತ್ತು ಲಕ್ಷಕ್ಕೆ ಬರೀ 20ರಷ್ಟು ವ್ಯತ್ಯಾಸವಿದ್ದರೂ ಸೆಕೆಂಡಿಗೆ ಒಂದು ಸ್ಯಾಂಪಲ್ ಜಾರುತ್ತದೆ. ಪ್ರತಿ ಸಲ ಜಾರಿದಾಗಲೂ ಒಂದು ಟಿಕ್. ಈ ಸದ್ದಿಗೆ ಕೇಬಲ್ ಬದಲಿಸುತ್ತಾ ಕೂರಬೇಡಿ, ಕ್ಲಾಕ್ ಪುಟ ತೆರೆಯಿರಿ. ಇಡೀ ಜಾಲಕ್ಕೆ ಒಂದೇ ಮಾಸ್ಟರ್ ಇರಬೇಕು. ಸೆಲ್ ನಂಬಿಕೆಗೆ ಅರ್ಹವಲ್ಲ ಅನಿಸಿದರೆ ಮಿಕ್ಸರನ್ನೇ ಮಾಸ್ಟರ್ ಮಾಡಿ, ಪ್ರೀಆಂಪ್ ಅದನ್ನು ಅನುಸರಿಸಲಿ. ಅದಕ್ಕೆ ಮಿಕ್ಸರ್‌ನಿಂದ ಪ್ರೀಆಂಪ್‌ಗೆ ಇನ್ನೊಂದು ಆಪ್ಟಿಕಲ್ ಕೇಬಲ್ ಅಥವಾ 75 ಓಮ್‌ನ ವರ್ಡ್ ಕ್ಲಾಕ್ ಕೇಬಲ್ ಬೇಕು. ಮಿಕ್ಸರ್ ರೀಸೆಟ್ ಆದರೂ ಆಗ ಕ್ಲಾಕ್ ಕೆಡುವುದಿಲ್ಲ. ಎಡಾಟ್ ಎಂಬ ಈ ಆಪ್ಟಿಕಲ್ ಜೋಡಣೆಯಲ್ಲಿ ಎಂಟು ಚಾನೆಲ್ ಸಿಗುವುದು 48 ಕಿಲೋಹರ್ಟ್ಸ್‌ವರೆಗೆ ಮಾತ್ರ, 96ಕ್ಕೆ ಹೋದರೆ ನಾಲ್ಕಕ್ಕೆ ಇಳಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಕಂಪ್ಯೂಟರ್ ಜೋಡಣೆಗೆಂದೇ ಹಳೇ ಮಿಕ್ಸರ್ ಕೊಳ್ಳುವವರು ಇಲ್ಲೇ ನಿಲ್ಲಿ. ಯುಎಸ್‌ಬಿಯಂಥದೇ ಹಳೇ ಜೋಡಣೆಯಾದ ಫೈರ್‌ವೈರ್‌ನ ಕಾಲ ಮುಗಿದಿದೆ. 2009ರ ಪ್ರೀಸೋನಸ್ ಸ್ಟುಡಿಯೋಲೈವ್‌ನಂಥ ಮಿಕ್ಸರ್‌ಗಳು ಬಹುಟ್ರ್ಯಾಕ್ ಆಡಿಯೋ (ಪ್ರತಿ ಚಾನೆಲ್ ಬೇರೆ ಬೇರೆಯಾಗಿ) ಕಳುಹಿಸುವುದು ಫೈರ್‌ವೈರ್‌ನಲ್ಲೇ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಇಲ್ಲ. ಅಡಾಪ್ಟರ್ ಮೇಲೆ ಅಡಾಪ್ಟರ್ ಹಾಕಿ ಓಡಿಸುತ್ತಿದ್ದವರಿಗೂ 2025ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋ ಫೈರ್‌ವೈರ್ ಬೆಂಬಲವನ್ನೇ ತೆಗೆದುಹಾಕಿತು. ಮಿಕ್ಸರ್ ನಿಯಂತ್ರಿಸುವ ಹಳೇ 32-ಬಿಟ್ ಎಡಿಟರ್ ಸಾಫ್ಟ್‌ವೇರ್‌ಗಳು 2019ರ ಕ್ಯಾಟಲಿನಾದಿಂದಲೇ ಮ್ಯಾಕ್‌ನಲ್ಲಿ ತೆರೆಯುವುದಿಲ್ಲ. ಓಡಿಸಲೇಬೇಕಾದರೆ ಇಂಟರ್‌ನೆಟ್ಟಿಗೆ ಜೋಡಿಸದ, ಎಂದೂ ಅಪ್‌ಡೇಟ್ ಮಾಡದ ಹಳೇ ಕಂಪ್ಯೂಟರ್ ಒಂದನ್ನು ಇದಕ್ಕೇ ಮೀಸಲಿಡಬೇಕು.

"ಯುಎಸ್‌ಬಿ ಇದೆ" ಎಂಬ ಜಾಹೀರಾತಿಗೂ ಮರುಳಾಗಬೇಡಿ. ಯಮಾಹಾ 01ವಿ96ರ ಮೊದಲ ಆವೃತ್ತಿಯ ಯುಎಸ್‌ಬಿಯಲ್ಲಿ ಹೋಗುವುದು ಮಿಡಿ, ಕಂಟ್ರೋಲ್ ಮಾತ್ರ, ಆಡಿಯೋ ಹೋಗುವುದಿಲ್ಲ. 16 ಚಾನೆಲ್ ಆಡಿಯೋ ದಾಟಿಸುವುದು ಆಮೇಲೆ ಬಂದ 01ವಿ96ಐ. ಯಮಾಹಾದ್ದೇ ಆದ ಎಲ್‌ಎಸ್9ರ ಯುಎಸ್‌ಬಿ ಕಿಂಡಿ ಪೆನ್‌ಡ್ರೈವ್‌ಗೆ, ಬಹುಟ್ರ್ಯಾಕ್‌ಗಲ್ಲ. ಇವು ಆ ಮಿಕ್ಸರ್‌ಗಳ ಕೊರತೆ ಎಂದಲ್ಲ, ಅವು ಬಂದ ಕಾಲದ ರೀತಿ ಹಾಗಿತ್ತು. ಎಡಾಟ್ ಇದ್ದರೆ ಒಳ್ಳೆಯದು: ಆಪ್ಟಿಕಲ್ ಇರುವ ಇವತ್ತಿನ ಆಡಿಯೋ ಇಂಟರ್‌ಫೇಸ್‌ಗೆ (ಕಂಪ್ಯೂಟರಿಗೆ ದನಿ ಒಯ್ಯುವ ಪೆಟ್ಟಿಗೆಗೆ) ಜೋಡಿಸಿದರೆ ಮಿಕ್ಸರ್‌ಗೆ ಡ್ರೈವರ್ ಚಿಂತೆಯೇ ಇಲ್ಲ.

ಉಳಿದ ಪರೀಕ್ಷೆಗಳಿಗೆ ಒಂದು ಮೈಕ್, ಹೆಡ್‌ಫೋನ್, ಮಲ್ಟಿಮೀಟರ್ ಸಾಕು. ಪ್ರತಿ ಚಾನೆಲ್‌ನಲ್ಲೂ ಫ್ಯಾಂಟಮ್ (ಮೈಕಿಗೆ ಮಿಕ್ಸರ್ ಕೊಡುವ ವಿದ್ಯುತ್ತು) ಹಾಕಿ ಮೈಕ್ ಜೋಡಿಸುವ ಎಕ್ಸ್‌ಎಲ್‌ಆರ್ ಕಿಂಡಿಯ 1ನೇ ಪಿನ್ನಿಂದ 2ಕ್ಕೆ, ಮತ್ತೆ 1ರಿಂದ 3ಕ್ಕೆ ಅಳೆಯಿರಿ. 44ರಿಂದ 52 ವೋಲ್ಟ್ ಬರಬೇಕು, ಎರಡೂ ಸಮನಾಗಿರಬೇಕು. ಒಂದೇ ಚಾನೆಲ್ ಸತ್ತಿದ್ದರೆ ಜ್ಯಾಕ್ ಅಥವಾ ಪ್ರೀಆಂಪ್. ಅಕ್ಕಪಕ್ಕದ ಎರಡು ಒಟ್ಟಿಗೆ ಹೋಗಿದ್ದರೆ ದನಿಯನ್ನು ಅಂಕಿಗಳಾಗಿ ಬದಲಿಸುವ ಎಡಿ ಕನ್ವರ್ಟರ್ ಚಿಪ್ ಅನುಮಾನಿಸಿ, ಏಕೆಂದರೆ ಸಾಮಾನ್ಯವಾಗಿ ಒಂದು ಚಿಪ್ ಎರಡು ಚಾನೆಲ್ ನೋಡಿಕೊಳ್ಳುತ್ತದೆ. ಎಂಟು ಎಂಟು ಹೋಗಿದ್ದರೆ ರಿಬ್ಬನ್ ಕೇಬಲ್ ಸಡಿಲವಾಗಿರಬಹುದು, ಬಿಚ್ಚಿ ಮತ್ತೆ ಹಾಕಿದರೆ ಸರಿಹೋದದ್ದೂ ಉಂಟು. ಬೋರ್ಡೇ ಹೋಗಿದ್ದರೆ ಅದೃಷ್ಟವಿಲ್ಲ.

ಮೋಟಾರ್ ಫೇಡರ್‌ಗಳಿಗೆ ಎರಡು ಸೀನ್ ಮಾಡಿ, ಒಂದರಲ್ಲಿ ಎಲ್ಲ ಕೆಳಗೆ, ಇನ್ನೊಂದರಲ್ಲಿ ಎಲ್ಲ 0 ಡಿಬಿಗೆ. ಒಂದಾದ ಮೇಲೊಂದು ಕರೆಯುತ್ತಾ ಹೋಗಿ. ಹಿಂದೆ ಬೀಳುವುದು, ಗುರಿಯ ಹತ್ತಿರ ನಡುಗುವುದು, ಕೈ ಬಿಟ್ಟಾಗ ತಾನೇ ಜರುಗುವುದು ಎಲ್ಲ ಕೊಳೆ ಅಥವಾ ಸವೆತದ ಲಕ್ಷಣ. ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿಯನ್ನು ಸಂದಿಯಲ್ಲಿ ಬುಸ್ಸೆನಿಸಬೇಡಿ. ಅದು ಟ್ರ್ಯಾಕಿನ ಗ್ರೀಸನ್ನು ತೊಳೆದು, ಕೊಳೆಯನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ವಾರ ಕಳೆದ ಮೇಲೆ ಫೇಡರ್ ಮೊದಲಿಗಿಂತ ಬಿಗಿಯಾಗುತ್ತದೆ. ಫೇಡರ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಫೇಡರ್‌ಗೆಂದೇ ಇರುವ ಲೂಬ್ರಿಕೆಂಟ್ ಒಂದು ತೊಟ್ಟು ಹಾಕುವುದೇ ದಾರಿ.

ಹಾಗಾದರೆ ಇಟ್ಟುಕೊಳ್ಳಬೇಕೇ? ನಿಮ್ಮಲ್ಲಿ ಈಗಾಗಲೇ ಇದ್ದು, ಚಳಿಯಲ್ಲೂ ಒಂದೇ ಸಲಕ್ಕೆ ಏಳುತ್ತಿದ್ದರೆ ಮಾರಬೇಡಿ. ಇವುಗಳ ದನಿ ಹಳತಾಗಿಲ್ಲ. 24 ಬಿಟ್ ಕನ್ವರ್ಟರ್, ಪ್ರತಿ ಚಾನೆಲ್‌ಗೂ ಈಕ್ಯೂ, ಕಂಪ್ರೆಸರ್, ಕೈಗೆ ಸಿಗುವ ಫೇಡರ್ ಇವತ್ತಿಗೂ ಸಾಕು. ರಿಹರ್ಸಲ್ ಕೋಣೆಗೆ, ಒಂದೇ ಜಾಗದಲ್ಲಿ ಕೂರುವ ಕೆಲಸಕ್ಕೆ ಒಳ್ಳೆಯ ಸಾಮಾನು. ಮೇಲೆ ಹೇಳಿದ ಮಿಕ್ಸರ್ ಕೂಡ ಕೆಪಾಸಿಟರ್, ಸೆಲ್ ಬದಲಾದ ಮೇಲೆ ಅಂಥ ಕೆಲಸವನ್ನೇ ತೊಂದರೆಯಿಲ್ಲದೆ ಮಾಡುತ್ತಿದೆ. ಹೊಸದಾಗಿ ಕೊಳ್ಳುವುದಾದರೆ ಕೇಳುವ ಬೆಲೆಗೆ ಸಪ್ಲೈ ರಿಪೇರಿ, ಸೆಲ್, ನಾಲ್ಕೈದು ಫೇಡರ್ ಸೇರಿಸಿ ಲೆಕ್ಕ ಹಾಕಿ. 2012ರಲ್ಲಿ ಬಂದ ಬೆರಿಂಗರ್ ಎಕ್ಸ್32, 32 ಮೈಕ್ ಪ್ರೀಆಂಪ್ ಮತ್ತು ಯುಎಸ್‌ಬಿಯಲ್ಲಿ 32 ಚಾನೆಲ್ ಒಳಗೆ, 32 ಹೊರಗೆ ಕೊಟ್ಟ ಮೇಲೆ ಅದಕ್ಕೂ ಹಿಂದಿನ ಮಿಕ್ಸರ್‌ಗಳಿಗೆ ದೊಡ್ಡ ಬೆಲೆ ಕೊಡಲು ಕಾರಣವೇ ಉಳಿದಿಲ್ಲ. ಎಕ್ಸ್32 ಕೂಡ ಈಗ ಹತ್ತು ವರ್ಷ ದಾಟಿದೆ; ತಣ್ಣಗಿದ್ದಾಗ ಆನ್ ಮಾಡುವ ಪರೀಕ್ಷೆ ಅದಕ್ಕೂ ಮಾಡಿ.

ನೇರ ಕಾರ್ಯಕ್ರಮಕ್ಕೆ ಒಯ್ಯುವುದಾದರೆ ಪಕ್ಕದಲ್ಲಿ ಚಿಕ್ಕದೊಂದು ಅನಲಾಗ್ ಮಿಕ್ಸರ್ ಇರಲೇಬೇಕು, ಮುಖ್ಯ ಗಾಯಕರ ಎರಡು ಮೈಕನ್ನಾದರೂ ಅರೆ ನಿಮಿಷದಲ್ಲಿ ಅದಕ್ಕೆ ಹೊರಳಿಸುವಂತಿರಬೇಕು. ದನಿಯ ಲೆಕ್ಕಾಚಾರವನ್ನೆಲ್ಲ ಮಾಡುವ ಡಿಎಸ್‌ಪಿ ಬೋರ್ಡ್ ಸತ್ತ ಮಿಕ್ಸರ್ ಅಗ್ಗಕ್ಕೆ ಸಿಕ್ಕಿದರೆ ರಿಪೇರಿಯ ಆಸೆಯಿಂದ ಕೊಳ್ಳಬೇಡಿ. ಅದೇ ಮಾಡೆಲ್ ನಿಮ್ಮಲ್ಲಿ ಓಡುತ್ತಿದ್ದರೆ ಮಾತ್ರ ತನ್ನಿ; ಫೇಡರ್‌ಗಳು, ಡಿಸ್‌ಪ್ಲೇ, ಪ್ರೀಆಂಪ್ ಬೋರ್ಡ್ ಬಿಚ್ಚಿ, ಸ್ಥಿರ ವಿದ್ಯುತ್ ತಡೆಯುವ ಚೀಲದಲ್ಲಿ ಹಾಕಿ, ಎಲ್ಲಿಂದ ತೆಗೆದದ್ದೆಂದು ಬರೆದು ಎತ್ತಿಡಿ.