ಮೊದಲ ರೀಫ್ ಟ್ಯಾಂಕ್: ಒಂದಡಿಯೋ, ಎರಡಡಿಯೋ, ನಾಲ್ಕಡಿಯೋ?

ಮೊದಲ ಸಲ ರೀಫ್ ಟ್ಯಾಂಕ್ (ಉಪ್ಪು ನೀರಿನಲ್ಲಿ ಹವಳ, ಮೀನು ಸಾಕುವ ಗಾಜಿನ ತೊಟ್ಟಿ) ಇಡಲು ಹೊರಟವರಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಚಿಕ್ಕದರಲ್ಲಿ ಕೈ ಪಳಗಿಸಿಕೊಳ್ಳಿ ಅನ್ನುವವರು ಕೆಲವರು. ದೊಡ್ಡದೇ ತಗೊಳ್ಳಿ, ನೀರು ಜಾಸ್ತಿ ಇದ್ದಷ್ಟೂ ಸುಲಭ ಅನ್ನುವವರು ಇನ್ನು ಕೆಲವರು. ಬೆಂಗಳೂರಿನ ನಮ್ಮ ಮನೆಯಲ್ಲಿ ಬೇರೆ ಬೇರೆ ಕಾಲಕ್ಕೆ ಮೂರು ಅಳತೆಯನ್ನೂ ಇಟ್ಟು ನೋಡಿದ್ದೇನೆ. ಒಂದು, ಎಲ್ಲ ಕಡೆಯೂ ಒಂದಡಿ ಇರುವ ಕ್ಯೂಬ್. ಇನ್ನೊಂದು 2×1.5×1.5 ಅಡಿಯದು. ಮತ್ತೊಂದು 4×2×2 ಅಡಿಯದು. ಒಂದು ಘನ ಅಡಿಗೆ 28.3 ಲೀಟರ್. ಹಾಗಾಗಿ ಇವು ಸುಮಾರು 28, 127 ಮತ್ತು 453 ಲೀಟರ್‌ನವು. ಕಲ್ಲು, ಮರಳು ಹಾಕಿದ ಮೇಲೆ ನೀರು ಇನ್ನೂ ಕಡಿಮೆ ಹಿಡಿಯುತ್ತದೆ.

ಮೊದಲ ಟ್ಯಾಂಕ್‌ಗೆ ನನ್ನ ಓಟು ನಡುವಿನದಕ್ಕೆ. ಯಾಕೆ ಅಂತ ಹೇಳಬೇಕಾದರೆ ಮೀನಿಗಿಂತ ಮುಂಚೆ ನೀರಿನ ವಿಷಯ ಮಾತಾಡಬೇಕು.

ಸಮುದ್ರದ ನೀರಿನಲ್ಲಿ ಉಪ್ಪಿನಂಶ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು. ಟ್ಯಾಂಕ್‌ನಿಂದ ಆವಿಯಾಗುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ. ಮಾರ್ಚ್, ಏಪ್ರಿಲ್‌ನ ಒಣ ಹವೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನ್ ಹಚ್ಚಿದರೆ ದಿನಕ್ಕೆ ಒಂದು ಸೆಂಟಿಮೀಟರ್ ಇಳಿಯುವುದು ಸಾಮಾನ್ಯ. ಊರಿಗೆ ಹೋಗಿ ಮೂರು ದಿನ ನೀರು ತುಂಬಿಸಲಿಲ್ಲ ಅಂದುಕೊಳ್ಳಿ. ಕ್ಯೂಬ್‌ನಲ್ಲಿ 35 ಇದ್ದದ್ದು 39 ದಾಟುತ್ತದೆ. ನಡುವಿನದರಲ್ಲಿ 38ರ ಹತ್ತಿರ ಬರುತ್ತದೆ. ನಾಲ್ಕಡಿಯದರಲ್ಲಿ 37. ವ್ಯತ್ಯಾಸ ಇದೆ, ಆದರೆ ಜನ ಹೇಳುವಷ್ಟು ಇಲ್ಲ ಅಲ್ವಾ? ನೀರು ಆವಿಯಾಗುವುದು ಮೇಲ್ಮೈ ಎಷ್ಟು ಅಗಲ ಇದೆ ಅನ್ನುವುದರ ಮೇಲೆ. ದೊಡ್ಡ ಟ್ಯಾಂಕ್‌ಗೆ ಮೇಲ್ಮೈಯೂ ದೊಡ್ಡದು. ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬರುವುದು ಒಟ್ಟು ಲೀಟರ್ ಅಲ್ಲ, ಆಳ. ಮಟ್ಟ ಇಳಿದಾಗ ತಾನೇ ನೀರು ತುಂಬಿಸುವ ಆಟೋ ಟಾಪ್ ಅಪ್ ಹಾಕಿದರೆ ಮೂರರಲ್ಲೂ ಈ ತೊಂದರೆ ಬಹುಪಾಲು ಮುಗಿಯುತ್ತದೆ.

ಚಿಕ್ಕ ಟ್ಯಾಂಕ್‌ನ ನಿಜವಾದ ಕಷ್ಟ ಬೇರೆ. ಅದರಲ್ಲಿ ಒಂದು ಬಸವನಹುಳು ಕಲ್ಲಿನ ಹಿಂದೆ ಸತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಬೆಳಿಗ್ಗೆ ದೀಪ ಹತ್ತಿದರೂ ಝೋವಾಗಳು (ಹೂವಿನಂತೆ ಅರಳುವ ಮೆತ್ತನೆಯ ಹವಳದಂಥ ಜೀವಿಗಳು) ಮೊಗ್ಗಿನ ಹಾಗೆ ಮುಚ್ಚಿಕೊಂಡೇ ಇದ್ದವು. ನೀರು ಹಾಲು ಬೆರೆಸಿದಂತೆ ಮಬ್ಬಾಗಿತ್ತು. ಸತ್ತದ್ದು ಕೊಳೆತಾಗ ವಿಷದಂಥ ಅಮೋನಿಯಾ ಬರುತ್ತದೆ, ಇಪ್ಪತ್ತು ಚಿಲ್ಲರೆ ಲೀಟರ್ ನೀರಿನಲ್ಲಿ ಅದು ತೆಳುವಾಗಲು ಜಾಗವೇ ಇಲ್ಲ. ಅಂಥದ್ದೇ ಸಾವು ನಡುವಿನ ಟ್ಯಾಂಕ್‌ನಲ್ಲಿ ಆದಾಗ ಕೆಳಗಿನ ಸ್ಕಿಮ್ಮರ್‌ನ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರದ) ಬಟ್ಟಲಿಗೆ ಸ್ವಲ್ಪ ಹೆಚ್ಚು ಕೊಳೆ ಬಂತು, ಅಷ್ಟೆ. ಊಟದ್ದೂ ಇದೇ ಕಥೆ. ಫ್ರೋಜನ್ ಮೈಸಿಸ್‌ನ (ಪುಟ್ಟ ಸೀಗಡಿಯಂಥ ಜೀವಿ, ಮೀನಿನ ಊಟ) ಒಂದು ಪೂರ್ತಿ ತುಂಡು ಚಿಕ್ಕ ಟ್ಯಾಂಕ್‌ಗೆ ವಿಪರೀತ. ಮೂಲೆ ಮುರಿದು ಹಾಕಬೇಕು. ನಾವು ಊರಲ್ಲಿಲ್ಲದಾಗ ಪಕ್ಕದ ಮನೆಯವರು ಪ್ರೀತಿಯಿಂದ ಎರಡು ಚಿಟಿಕೆ ಜಾಸ್ತಿ ಹಾಕಿದರೂ ಅದು ತಡೆದುಕೊಳ್ಳುವುದಿಲ್ಲ.

ಹಾಗಾದರೆ ನಾಲ್ಕಡಿಯದೇ ಒಳ್ಳೆಯದಲ್ವಾ? ಇಲ್ಲೇ ನೀರಿನ ಎರಡನೇ ಲೆಕ್ಕ ಬರುತ್ತದೆ, ನಾವು ತಯಾರಿಸಬೇಕಾದ ನೀರಿನದು. ಬೋರ್‌ವೆಲ್ ನೀರನ್ನಾಗಲಿ ಕಾವೇರಿ ನೀರನ್ನಾಗಲಿ ಹಾಗೇ ಹಾಕುವಂತಿಲ್ಲ. ಆರ್‌ಓ ಮಾಡಿ, ಉಳಿದ ಖನಿಜ ಹೀರುವ ಡಿಐ ರೆಸಿನ್ ದಾಟಿಸಿ, ಟಿಡಿಎಸ್ (ನೀರಿನಲ್ಲಿ ಕರಗಿದ ಖನಿಜದ ಅಳತೆ) ಸೊನ್ನೆಗೆ ತರಬೇಕು. ಅಡುಗೆಮನೆಯ ಆರ್‌ಓದಲ್ಲಿ ರುಚಿಗೆಂದು ಖನಿಜ ವಾಪಸ್ ಸೇರಿಸುವ ವ್ಯವಸ್ಥೆ ಇದ್ದರೆ, ಆ ನೀರು ಇದಕ್ಕೆ ಆಗುವುದಿಲ್ಲ.

ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸುವುದು, ಜೊತೆಗೆ ಆವಿಯಾದದ್ದನ್ನು ತುಂಬುವುದು ಎರಡೂ ಸೇರಿ ಕ್ಯೂಬ್‌ಗೆ ಏಳೆಂಟು ಲೀಟರ್ ಸಾಕು. ನಡುವಿನದಕ್ಕೆ ಇಪ್ಪತ್ತೈದು ಲೀಟರ್ ಆಸುಪಾಸು. ನಾಲ್ಕಡಿಯದಕ್ಕೆ ಎಪ್ಪತ್ತರಿಂದ ಎಂಬತ್ತು. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಮನೆಯ ಆರ್‌ಓ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಅಂದರೆ ದೊಡ್ಡ ಟ್ಯಾಂಕ್ ಒಂದಕ್ಕೇ ವಾರಕ್ಕೆ 200 ಲೀಟರ್ ಆಸುಪಾಸು ವೇಸ್ಟ್ ನೀರು. ಅದನ್ನು ನೆಲ ಒರೆಸಲು, ಅಂಗಳ ತೊಳೆಯಲು ಬಳಸಬಹುದು, ನಾವೂ ಬಳಸುತ್ತೇವೆ. ಆದರೆ 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಬೀದಿಬೀದಿಗೂ ಟ್ಯಾಂಕರ್ ಬರುತ್ತಿದ್ದದ್ದನ್ನು ನೋಡಿದ ಮೇಲೆ, ಬರೀ ಆಸೆಗೆ ಇಷ್ಟು ನೀರು ಖರ್ಚು ಮಾಡುವುದು ನನಗೆ ಸರಿ ಕಾಣಲಿಲ್ಲ. ಉಪ್ಪಿನ ಖರ್ಚೂ ಹಾಗೆಯೇ. ಮೊದಲ ಸಲ ತುಂಬಲು ಕ್ಯೂಬ್‌ಗೆ ಒಂದು ಕಿಲೋ ಸಾಲ್ಟ್ ಮಿಕ್ಸ್ ಆದರೆ, ನಾಲ್ಕಡಿಯದಕ್ಕೆ ಹದಿನಾರು ಕಿಲೋ.

ಭಾರದ ವಿಷಯವನ್ನು ಹಲವರು ಯೋಚಿಸುವುದೇ ಇಲ್ಲ. ನೀರು, 12 ಎಂಎಂ ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ ನಾಲ್ಕಡಿಯದು 600 ಕಿಲೋ ದಾಟುತ್ತದೆ. ಅದು ನಿಲ್ಲುವುದು ಎಂಟು ಚದರಡಿ ಜಾಗದ ಮೇಲೆ. ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕಿಲೋ ಲೆಕ್ಕದಲ್ಲಿ ಕಟ್ಟುತ್ತಾರೆ. ನಮ್ಮದು ನೆಲಮಹಡಿ, ಹಾಗಾಗಿ ನಡೆಯಿತು. ಮೂರನೇ ಮಹಡಿಯ ಫ್ಲಾಟ್ ಆದರೆ ಇಂಜಿನಿಯರ್‌ಗೆ ತೋರಿಸದೆ ಇಡಲೇಬೇಡಿ.

ಕರೆಂಟ್ ಹೋದಾಗ ಚಿಕ್ಕದಕ್ಕೆ ಬ್ಯಾಟರಿ ಏರ್ ಪಂಪ್ ಸಾಕು. ನಡುವಿನದರಲ್ಲಿ ನೀರು ಅಲುಗಿಸುವ ವೇವ್ ಮೇಕರ್ ಮನೆಯ ಇನ್ವರ್ಟರ್ ಮೇಲೆ ರಾತ್ರಿಯಿಡೀ ಓಡುತ್ತದೆ. ದೊಡ್ಡದರ ನೀರು ತಣಿಸುವ ಚಿಲ್ಲರ್ ಓಡುವುದಿಲ್ಲ. ಬೆಂಗಳೂರಿನಲ್ಲಿ ಚಿಕ್ಕದನ್ನೂ ನಡುವಿನದನ್ನೂ ಫ್ಯಾನ್ ಒಂದರಲ್ಲೇ 27 ಡಿಗ್ರಿ ಸುತ್ತಮುತ್ತ ಇಟ್ಟುಕೊಳ್ಳಬಹುದು. ಮಂಗಳೂರು, ಉಡುಪಿ ಕಡೆಯವರಿಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಫ್ಯಾನ್‌ನಿಂದ ನೀರು ಅಷ್ಟು ತಣಿಯದು, ಚಿಲ್ಲರ್ ಖರ್ಚು ಮೊದಲೇ ಸೇರಿಸಿಕೊಳ್ಳಿ.

ಒಳಗೆ ಏನು ಸಾಕುತ್ತೀರಿ ಅನ್ನುವುದೂ ಅಳತೆಯನ್ನು ತೀರ್ಮಾನಿಸುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ ಎಲ್ಲ ಗಟ್ಟಿ ಹವಳಗಳೂ ಇವೆ. ಕಡಲಬೀಸಣಿಗೆಯೂ (ಸೀ ಫ್ಯಾನ್) ಇದೆ. ಕಡಲಕುದುರೆಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿಯ ಹವಳ ನೇತ್ರಾಣಿಯಲ್ಲೇ ಇರಬೇಕು. ಅಂಗಡಿಯಲ್ಲಿ ಯಾರಾದರೂ ಸಮುದ್ರದಿಂದ ಕಿತ್ತ ಲೈವ್ ರಾಕ್ (ಜೀವಿಗಳು ಅಂಟಿದ ಹವಳದ ಕಲ್ಲು) ತೋರಿಸಿದರೆ ಮುಟ್ಟಬೇಡಿ, ಸೆರಾಮಿಕ್ ಕಲ್ಲು ಸಿಗುತ್ತದೆ. ನಮಗೆ ಉಳಿಯುವುದು ಝೋವಾ, ಮಶ್ರೂಮ್, ಲೆದರ್, ಕ್ಸೀನಿಯಾದಂಥ ಮೆತ್ತನೆಯವು. ಇವು ಗಟ್ಟಿ ಹವಳದಷ್ಟು ಕ್ಯಾಲ್ಸಿಯಂ ಕುಡಿಯುವುದಿಲ್ಲ, ಅಷ್ಟು ಜೋರು ಬೆಳಕೂ ಕೇಳುವುದಿಲ್ಲ. ದೊಡ್ಡ ಟ್ಯಾಂಕೇ ಬೇಕು ಅನ್ನುವವರ ಮುಖ್ಯ ವಾದ ಗಟ್ಟಿ ಹವಳಕ್ಕೆ ಬೇಕಾದ ಸ್ಥಿರತೆ. ಅದಿಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

ಮೀನಿನ ವಿಷಯದಲ್ಲಿ ಚಿಕ್ಕದು ಸೋಲುತ್ತದೆ. 28 ಲೀಟರ್‌ನಲ್ಲಿ ಒಂದು ಪುಟ್ಟ ಗೋಬಿಗಿಂತ ಹೆಚ್ಚು ಇಡುವುದು ಮೀನಿಗೆ ಅನ್ಯಾಯ. ನಡುವಿನದರಲ್ಲಿ ಒಂದು ಜೋಡಿ ಕ್ಲೌನ್ ಮೀನು ನೆಮ್ಮದಿಯಾಗಿರುತ್ತವೆ. ಇವನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಹಾಗಾಗಿ ಹ್ಯಾಚರಿ ಮೀನನ್ನೇ ಕೇಳಿ ತನ್ನಿ. ಜೊತೆಗೆ ಒಂದೇ ಬಿಲದಲ್ಲಿ ಬಾಳುವ ಒಂದು ಗೋಬಿ, ಒಂದು ಪಿಸ್ತೂಲ್ ಸೀಗಡಿ. ಸೀಗಡಿಗೆ ಕಣ್ಣು ಮಂದ. ಕೊಂಡಿಗಳಿಂದ ಮರಳು ತಳ್ಳಿಕೊಂಡು ಬಂದು ಹೊರಗೆ ಹಾಕುವಾಗಲೂ ಒಂದು ಮೀಸೆ ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಗೋಬಿ ಬಾಲ ಅಲುಗಿಸಿದರೆ ಸರಕ್ಕನೆ ಬಿಲಕ್ಕೆ. ಎರಡಡಿ ಉದ್ದದಲ್ಲಿ ಇದೆಲ್ಲ ಕಣ್ಣೆದುರೇ ನಡೆಯುತ್ತದೆ. ನಾಲ್ಕಡಿಯದರಲ್ಲಿ ಇದೇ ಜೋಡಿಯನ್ನು ಹುಡುಕಬೇಕಾಗಿತ್ತು. ನೀಲಿ ಟ್ಯಾಂಗ್ ಬೇಕೆಂದೇ ದೊಡ್ಡದು ಕೊಳ್ಳುವವರಿದ್ದಾರೆ. ಅದು 30 ಸೆಂಟಿಮೀಟರ್‌ವರೆಗೆ ಬೆಳೆಯುವ ಮೀನು, ನಾಲ್ಕಡಿಯೂ ಅದಕ್ಕೆ ಸಾಲದು.

ಟೇಬಲ್ ಮೇಲೆ ಮೀನಿಲ್ಲದೆ ಬರೀ ಝೋವಾ ತೋಟ ಮಾಡುವ ಆಸೆ ಇದ್ದು, ದಿನಾ ಮನೆಯಲ್ಲಿರುವವರಿಗೆ ಕ್ಯೂಬ್ ಕೂಡ ಚೆನ್ನಾಗಿಯೇ ಇರುತ್ತದೆ. ನಾಲ್ಕಡಿಯದನ್ನು ನೆಲಮಹಡಿ, ಧಾರಾಳ ನೀರು, ಮನೆಯಲ್ಲಿ ಇನ್ನೊಬ್ಬರ ಕೈ ಇದ್ದವರು ಎರಡನೇ ಟ್ಯಾಂಕಾಗಿ ಯೋಚಿಸಲಿ.

ನಡುವಿನದನ್ನು ಮಾಡಿಸುವುದಾದರೆ ಎತ್ತರ ಒಂದೂವರೆ ಅಡಿ ಮೀರಿಸಬೇಡಿ, ಕೈ ಇಳಿಸಿದರೆ ಮರಳು ಸಿಗಬೇಕು. ಕೆಳಗೆ ಕ್ಯಾಬಿನೆಟ್‌ನಲ್ಲಿ ಸ್ಕಿಮ್ಮರ್ ಕೂರಿಸುವುದಿದ್ದರೆ ನೀರು ಅಲ್ಲಿಗಿಳಿಯುವ ಓವರ್‌ಫ್ಲೋ ತೂತನ್ನು ಗಾಜು ಅಂಟಿಸುವ ಮುಂಚೆಯೇ ಕೊರೆಸಿ. ತೂತು ಬೀಳುವ ಗಾಜು ಟಫನ್ಡ್ ಅಲ್ಲ ಅಂತ ಅಂಗಡಿಯವರ ಹತ್ತಿರ ಖಾತ್ರಿ ಮಾಡಿಕೊಳ್ಳಿ, ಟಫನ್ಡ್ ಗಾಜಿಗೆ ಡ್ರಿಲ್ ತಾಗಿಸಿದರೆ ಪುಡಿಪುಡಿಯಾಗುತ್ತದೆ.