ಓಎಸ್‌ಜಿಐ ಕನೆಕ್ಟರ್ ಸರ್ವಿಸ್: ವಿಎಂ ಮುಟ್ಟದೆ ಹೊಸ ಕನೆಕ್ಷನ್

ಸನ್ ಕಂಪನಿಯ ಸಿಎಲ್‌ಡಿಸಿ (ಚಿಕ್ಕ ಸಾಧನಗಳಿಗಾಗಿ ಮಾಡಿದ ಜಾವಾ) ರೆಫರೆನ್ಸ್ ಇಂಪ್ಲಿಮೆಂಟೇಶನ್‌ನಲ್ಲಿ ಹೊಸ ಬಗೆಯ ಕನೆಕ್ಷನ್ ಬೇಕೆಂದರೆ, ಸ್ಕೀಮ್ (ವಿಳಾಸದಲ್ಲಿ ಕೋಲನ್‌ಗೆ ಮೊದಲಿನ ಪದ) ಹೆಸರಿನ ಸಿಸ್ಟಮ್ ಪ್ಯಾಕೇಜಿನಲ್ಲಿ ‘ಪ್ರೋಟೋಕಾಲ್’ ಎಂಬ ಕ್ಲಾಸ್ ಬರೆದು ವಿಎಂ (ಜಾವಾ ಓಡಿಸುವ ವರ್ಚುವಲ್ ಮಷೀನ್) ಜೊತೆಗೇ ಬಿಲ್ಡ್ ಮಾಡಬೇಕು. ಓಎಸ್‌ಜಿಐ ಎಂದರೆ ಜಾವಾ ಪ್ರೋಗ್ರಾಮನ್ನು ಬಂಡಲ್ ಎಂಬ ತುಂಡುಗಳಾಗಿ ಕಟ್ಟುವ ವ್ಯವಸ್ಥೆ; ಅದರ 2003ರ ಮೂರನೇ ರಿಲೀಸಿನಲ್ಲಿ ಬಂದ ಕನೆಕ್ಟರ್ ಸರ್ವಿಸ್ ಈ ತಾಪತ್ರಯ ತಪ್ಪಿಸಿತು. ಸಾಧನ ಓಡುತ್ತಿರುವಾಗಲೇ ಬಂಡಲ್ ಹಾಕಿದರೆ ಸಾಕು. ಓಎಸ್‌ಜಿಐ ಬಳಸುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆರ್‌ಎಸ್-485 ಎಂಬ ಸೀರಿಯಲ್ ತಂತಿಯ ಮೇಲೆ ಮಾಡ್‌ಬಸ್ ಎಂಬ ಸಂವಹನ ಪದ್ಧತಿಯಲ್ಲಿ ಮಾತಾಡುವ ವಿದ್ಯುತ್ ಮೀಟರನ್ನೇ ತೆಗೆದುಕೊಳ್ಳಿ. ವಿಳಾಸ ‘ಮೀಟರ್:ಕಾಮ್1;ಬಾಡ್=9600’ ಎಂದಿರಲಿ. ನೀವು ಬರೆಯಬೇಕಾದದ್ದು ಎರಡು ಇಂಟರ್‌ಫೇಸ್: ಡೇಟಾ ಓದಿ ಬರೆಯುವ ‘ಸ್ಟ್ರೀಮ್‌ಕನೆಕ್ಷನ್’ಗೆ ಐದು ಮೆಥಡ್, ಅದನ್ನು ತಯಾರಿಸಿ ಕೊಡುವ ‘ಕನೆಕ್ಷನ್‌ಫ್ಯಾಕ್ಟರಿ’ಗೆ ಒಂದೇ ಒಂದು. ಫ್ಯಾಕ್ಟರಿಯನ್ನು ‘ಐಒ.ಸ್ಕೀಮ್’ ಪ್ರಾಪರ್ಟಿ ಕೊಟ್ಟು ರಿಜಿಸ್ಟರ್ ಮಾಡಿ. ಎರಡು ಸ್ಕೀಮ್ ಇದ್ದರೆ ಸ್ಟ್ರಿಂಗ್ ಅರೇ ಕೊಡಬೇಕು. ಕಾಮಾ ಹಾಕಿ ಒಂದೇ ಸ್ಟ್ರಿಂಗ್ ಮಾಡಿದರೆ ಎರಡೂ ಸಿಗುವುದಿಲ್ಲ. ಒಂದೇ ಸ್ಕೀಮಿಗೆ ಇಬ್ಬರು ನಿಂತರೆ ‘ಸರ್ವಿಸ್.ರ‍್ಯಾಂಕಿಂಗ್’ ಹೆಚ್ಚಿರುವವರದ್ದೇ ಗೆಲುವು.

ಹಳೆಯ ಕೋಡ್ ಎತ್ತಿ ತರುವವರು ಎಡವುವುದು ಇಲ್ಲಿ: ಸಿಎಲ್‌ಡಿಸಿಯಲ್ಲಿ ಕನೆಕ್ಷನ್ ತೆರೆಯುವ ‘ಓಪನ್‌ಪ್ರಿಮ್’ ಮೆಥಡ್‌ಗೆ ಸ್ಕೀಮ್ ಕತ್ತರಿಸಿದ ಹೆಸರು ಬರುತ್ತದೆ, ಇಲ್ಲಿ ಫ್ಯಾಕ್ಟರಿಗೆ ‘ಮೀಟರ್:’ ಸಮೇತ ಪೂರ್ತಿ ವಿಳಾಸ ಬರುತ್ತದೆ. ಪಾರ್ಸರ್ ತಿದ್ದದಿದ್ದರೆ ಪೋರ್ಟ್ ಹೆಸರೇ ತಪ್ಪುತ್ತದೆ. ಅಪ್ಲಿಕೇಶನ್ ಕೂಡ ‘ಕನೆಕ್ಟರ್‌ಸರ್ವಿಸ್’ ಮೂಲಕವೇ ತೆರೆಯಬೇಕು, ಸಿಎಲ್‌ಡಿಸಿಯ ‘ಕನೆಕ್ಟರ್’ ಕ್ಲಾಸನ್ನು ನೇರ ಕರೆದರೆ ನಿಮ್ಮ ಫ್ಯಾಕ್ಟರಿಯ ಸುಳಿವೇ ಅದಕ್ಕಿರುವುದಿಲ್ಲ.

ಬೂಟ್ ಆಗುವಾಗ ಮಾತ್ರ ‘ಕನೆಕ್ಷನ್ ನಾಟ್ ಫೌಂಡ್’ ಬಂದರೆ ಡ್ರೈವರ್ ಕೆದಕಬೇಡಿ. ಫ್ಯಾಕ್ಟರಿ ಬಂಡಲ್ ಇನ್ನೂ ಎದ್ದಿಲ್ಲ, ಅಷ್ಟೇ. ಸರ್ವಿಸ್ ಟ್ರ್ಯಾಕರಿನಲ್ಲಿ (ಸರ್ವಿಸ್ ಬಂದದ್ದು ಹೋದದ್ದನ್ನು ಗಮನಿಸುವ ಓಎಸ್‌ಜಿಐ ಕ್ಲಾಸ್) ಅದು ಬರುವವರೆಗೆ ಕಾದು ತೆರೆಯಿರಿ. ಸಾಮಾನ್ಯ ಜಾವಾ ಎಸ್‌ಇಯಲ್ಲಿ ‘ಜಾವಾಎಕ್ಸ್.ಮೈಕ್ರೋಎಡಿಷನ್.ಐಒ’ ಪ್ಯಾಕೇಜ್ ಇಲ್ಲದ ಕಾರಣ ಅದನ್ನು ಎಕ್ಸ್‌ಪೋರ್ಟ್ ಮಾಡುವ ಬಂಡಲ್ ಬೇರೆ ಬೇಕು. ಇದೊಂದು ಕಿರಿಕಿರಿ, ನಿಜ.

ಕನೆಕ್ಷನ್ ತೆರೆಯುವಾಗ ಬರುವ ‘ಟೈಮ್‌ಔಟ್ಸ್’ ಫ್ಲ್ಯಾಗನ್ನು (ಕಾಲ ಮೀರಿದರೆ ಎಕ್ಸೆಪ್ಶನ್ ಬೇಕು ಎಂಬ ಸೂಚನೆ) ಕಡೆಗಣಿಸಬೇಡಿ. ಮೀಟರಿನ ಕರೆಂಟ್ ಹೋದರೆ ‘ರೀಡ್’ ಮಾಡುತ್ತಿರುವ ಥ್ರೆಡ್ ಅಲ್ಲೇ ನಿಂತುಬಿಡುತ್ತದೆ. 9600 ಬಾಡ್‌ನಲ್ಲಿ ಫ್ರೇಮುಗಳ ನಡುವೆ 3.5 ಅಕ್ಷರ, ಅಂದರೆ ಸುಮಾರು 4 ಮಿಲಿಸೆಕೆಂಡ್ ಮೌನ ಇರಬೇಕೆಂಬುದನ್ನೂ ಸ್ಟ್ರೀಮಿನ ಒಳಗೇ ನೋಡಿಕೊಂಡರೆ ಮೇಲಿನ ಕೋಡ್ ಹಗುರ.

ಮುಚ್ಚುವಾಗ ಮೊದಲು ಸ್ಟ್ರೀಮ್, ಆಮೇಲೆ ಕನೆಕ್ಷನ್. ಸ್ಟ್ರೀಮ್ ಒಂದು ತೆರೆದಿದ್ದರೂ ಕನೆಕ್ಷನ್ ಒಳಗೊಳಗೇ ಜೀವಂತವಿರುತ್ತದೆ, ಪೋರ್ಟ್ ಇನ್ನೊಬ್ಬರಿಗೆ ಸಿಗುವುದಿಲ್ಲ. ಬಂಡಲ್ ನಿಲ್ಲುವಾಗ ತಾನು ಕೊಟ್ಟ ಕನೆಕ್ಷನ್‌ಗಳನ್ನೆಲ್ಲ ಮುಚ್ಚುವ ಹೊಣೆ ಫ್ಯಾಕ್ಟರಿಯದೇ. ಅದಕ್ಕಾಗಿ ಅವುಗಳ ಪಟ್ಟಿಯೊಂದನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹೊಸ ಆವೃತ್ತಿ ಹಾಕಿದ ಕೂಡಲೇ ‘ಪೋರ್ಟ್ ಬ್ಯುಸಿ’.