ಒಂದೇ ಕೋಡ್, ಎರಡು ಅಂಗಡಿ: ರಿಯಾಕ್ಟ್ ನೇಟಿವ್ ಕಾನ್ಫಿಗ್ ಬಹಳ ದಿನ ಬಳಸಿದ ಮೇಲೆ

ಬೆಳಗಾವಿಯಲ್ಲಿ ನಮ್ಮದು ಸಣ್ಣ ಟೀಮ್. ಒಂದೇ ಕೋಡ್‌ನಿಂದ ಎರಡು ಆ್ಯಪ್ ಹೊರಡುತ್ತವೆ. ಒಂದು ಇಲ್ಲಿನ ಕುಂದಾ ಅಂಗಡಿಯದ್ದು, ಇನ್ನೊಂದು ಇಳಕಲ್ ಸೀರೆ ಮಾರುವವರದ್ದು. ಪ್ಯಾಕೇಜ್ ಐಡಿ (ಆ್ಯಪ್‌ನ ಗುರುತಿನ ಹೆಸರು), ಸರ್ವರ್ ವಿಳಾಸ, ಮ್ಯಾಪ್ ಕೀ ಎಲ್ಲ ಬೇರೆ ಬೇರೆ. ಸರ್ವರ್ ವಿಳಾಸ ಜಾವಾಸ್ಕ್ರಿಪ್ಟ್‌ಗೆ ಬೇಕು, ಮ್ಯಾಪ್ ಕೀ ಆ್ಯಂಡ್ರಾಯ್ಡ್ ಮ್ಯಾನಿಫೆಸ್ಟ್‌ಗೆ (ಆ್ಯಪ್‌ನ ವಿವರ ಇರುವ ಫೈಲ್‌ಗೆ) ಬೇಕು. ರಿಯಾಕ್ಟ್ ನೇಟಿವ್ ಅಂದ್ರೆ ಜಾವಾಸ್ಕ್ರಿಪ್ಟ್‌ನಲ್ಲಿ ಮೊಬೈಲ್ ಆ್ಯಪ್ ಬರೆಯುವ ಚೌಕಟ್ಟು; ಅದರಲ್ಲಿ ಇಂಥ ಸೆಟ್ಟಿಂಗ್‌ಗಳನ್ನು ಎರಡೂ ಕಡೆ ತಲುಪಿಸುವ ರಿಯಾಕ್ಟ್ ನೇಟಿವ್ ಕಾನ್ಫಿಗ್ ಲೈಬ್ರರಿ ಇಟ್ಟುಕೊಂಡಿದ್ದೇ ಅದಕ್ಕೆ.

ಸೆಟ್ಟಿಂಗ್‌ಗಳನ್ನು ಬರೆದಿಡುವ ಡಾಟ್ ಎನ್ವ್ (.env) ಫೈಲ್‌ನಲ್ಲಿ ಒಂದು ಸಾಲು ಬರೆದರೆ, ಆ್ಯಂಡ್ರಾಯ್ಡ್‌ನಲ್ಲಿ ಬಿಲ್ಡ್ ಆಗುವಾಗ ಅದು ತಾನಾಗೇ ತಯಾರಾಗುವ ಬಿಲ್ಡ್‌ಕಾನ್ಫಿಗ್ ಕ್ಲಾಸ್‌ಗೆ ಸೇರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲೂ ಅದೇ ಹೆಸರಲ್ಲಿ ಸಿಗುತ್ತದೆ. ಪ್ರತಿ ಫ್ಲೇವರ್‌ಗೂ (ಒಂದೇ ಕೋಡ್‌ನಿಂದ ಹೊರಡುವ ಒಂದೊಂದು ಆ್ಯಪ್‌ಗೂ) ಬೇರೆ ಫೈಲ್ ಕೊಡಬಹುದು. ಯಾವ ಫ್ಲೇವರ್‌ಗೆ ಯಾವ ಫೈಲ್ ಅನ್ನೋ ಪಟ್ಟಿ ಮಾತ್ರ ಆ್ಯಂಡ್ರಾಯ್ಡ್ ಬಿಲ್ಡ್ ನಡೆಸುವ ಗ್ರೇಡಲ್‌ನ ಫೈಲ್‌ನಲ್ಲಿ, ಲೈಬ್ರರಿಯ ಡಾಟ್‌ಎನ್ವ್ ಸ್ಕ್ರಿಪ್ಟ್ ಅಪ್ಲೈ ಮಾಡುವ ಸಾಲಿಗಿಂತ ಮೇಲಿರಬೇಕು, ಕೆಳಗಿದ್ದರೆ ಲೆಕ್ಕಕ್ಕೇ ಬರಲ್ಲ. ಫೈಲ್ ತಿದ್ದಿ ಸುಮ್ನೆ ರಿಲೋಡ್ ಒತ್ತಿದರೂ ಆಗಲ್ಲ, ಮತ್ತೆ ಬಿಲ್ಡ್ ಮಾಡಬೇಕು.

ಜಾಸ್ತಿ ತಲೆ ತಿಂದಿದ್ದು ಪ್ಯಾಕೇಜ್ ಐಡಿ. ಫ್ಲೇವರ್‌ನ ಐಡಿ ಮೂಲ ಪ್ಯಾಕೇಜ್ ಹೆಸರಿಗಿಂತ ಬೇರೆ ಇದ್ದರೆ, ಲೈಬ್ರರಿ ಬಿಲ್ಡ್‌ಕಾನ್ಫಿಗ್ ಅನ್ನು ತಪ್ಪು ಜಾಗದಲ್ಲಿ ಹುಡುಕುತ್ತದೆ. ಎರರ್ ಇಲ್ಲ, ಏನಿಲ್ಲ, ಎಲ್ಲ ವ್ಯಾಲ್ಯೂ ಅನ್‌ಡಿಫೈನ್ಡ್, ಅಂದ್ರೆ ಖಾಲಿ. ಗ್ರೇಡಲ್‌ನ ಡಿಫಾಲ್ಟ್ ಕಾನ್ಫಿಗ್‌ನಲ್ಲಿ 'ಬಿಲ್ಡ್ ಕಾನ್ಫಿಗ್ ಪ್ಯಾಕೇಜ್' ಅನ್ನೋ ರಿಸೋರ್ಸ್ ವ್ಯಾಲ್ಯೂ ಹಾಕಿ ಮೂಲ ಹೆಸರು ಕೊಟ್ಟರೆ ಸರಿಹೋಗುತ್ತದೆ. ಡೀಬಗ್‌ನಲ್ಲಿ ಓಡಿದ್ದು ರಿಲೀಸ್‌ನಲ್ಲಿ ಖಾಲಿ ಬಂದರೆ, ಬೇಡದ ಕೋಡ್ ಕತ್ತರಿಸುವ ಪ್ರೊಗಾರ್ಡ್ ನೋಡಿ. ಬಿಲ್ಡ್‌ಕಾನ್ಫಿಗ್ ಉಳಿಸು ಅಂತ ಅದಕ್ಕೆ ಹೇಳಬೇಕು.

ಇನ್ನೊಂದು ಗುಣ: ಇಲ್ಲಿ ಬರುವುದೆಲ್ಲ ಸ್ಟ್ರಿಂಗ್. ಕ್ಯಾಶ್ ಆನ್ ಡೆಲಿವರಿಗೆ ಫಾಲ್ಸ್ ಅಂತ ಬರೆದರೂ ಜಾವಾಸ್ಕ್ರಿಪ್ಟ್ ಕಣ್ಣಿಗೆ ಅದು ಅಕ್ಷರಗಳಿರುವ ಸ್ಟ್ರಿಂಗ್, ಅಂದ್ರೆ ಟ್ರೂ ಲೆಕ್ಕವೇ. "ಕ್ಯಾಶ್ ಬ್ಯಾಡ ಅಂದಿದ್ನಲ್ರೀ, ಇನ್ನೂ ಯಾಕ ತೋರ್ಸಾಕತ್ತೈತಿ?" ಅಂತ ಅಂಗಡಿಯವರ ಫೋನ್. ಈಗ ಪ್ರತಿಯೊಂದನ್ನೂ ಒಂದೇ ಫೈಲ್‌ನಲ್ಲಿ ಓದಿ, 'ಟ್ರೂ' ಪದಕ್ಕೆ ಹೋಲಿಸಿಯೇ ಮುಂದೆ ಕಳಿಸುತ್ತೇವೆ.

ಐಫೋನ್ ಕಡೆ ಜಾವಾಸ್ಕ್ರಿಪ್ಟ್‌ನಲ್ಲಿ ಓದುವುದು ಸಲೀಸು. ಇನ್ಫೋ ಪಿಲಿಸ್ಟ್‌ಗೂ (ಐಫೋನ್ ಆ್ಯಪ್‌ನ ವಿವರ ಇರುವ ಫೈಲ್‌ಗೂ) ಬೇಕಂದ್ರೆ ಬಿಲ್ಡ್ ಸೆಟ್ಟಿಂಗ್‌ಗಳ ಎಕ್ಸ್‌ಕಾನ್ಫಿಗ್ ಫೈಲ್, ಎಕ್ಸ್‌ಕೋಡ್ ಸ್ಕೀಮ್‌ನಲ್ಲಿ ಬಿಲ್ಡ್‌ಗೆ ಮೊದಲು ಓಡುವ ಪ್ರಿ-ಆ್ಯಕ್ಷನ್ ಅಂತ ಗೋಜಲು ಇದೆ. ನನಗೆ ಇಷ್ಟವಾಗದ ಭಾಗ ಇದೊಂದೇ.

ಪೇಮೆಂಟ್ ಸೀಕ್ರೆಟ್ ಮಾತ್ರ ಇದರಲ್ಲಿ ಇಡಬೇಡಿ. ಎಪಿಕೆ (ಆ್ಯಂಡ್ರಾಯ್ಡ್ ಆ್ಯಪ್‌ನ ಫೈಲ್) ಬಿಚ್ಚಿದರೆ ಎಲ್ಲ ಓದಲು ಸಿಗುತ್ತದೆ. ನಮ್ಮದು ಸರ್ವರ್‌ನಲ್ಲೇ ಇದೆ. ಮ್ಯಾಪ್ ಕೀ ಆ್ಯಪ್ ಒಳಗೇ ಇರಬೇಕಲ್ವಾ, ಅದಕ್ಕೆ ಗೂಗಲ್ ಕನ್ಸೋಲ್‌ನಲ್ಲಿ ಆಯಾ ಪ್ಯಾಕೇಜ್ ಐಡಿಗೆ ಮಾತ್ರ ನಡೆಯುವಂತೆ ಕಟ್ಟುಹಾಕಿದ್ದೇವೆ.